ಶಸ್ತ್ರ ಹಿಡಿಯುವ ಯೋಗ್ಯತೆ: ಕಲಿಯುವ ಸರ್ಜನ್ನರನ್ನು ಪರೀಕ್ಷಿಸುವ ಬಗೆ

1. ಪ್ರಶ್ನೆ ಹುಟ್ಟಿದ್ದು

ನಮ್ಮ ವಾಚನಾಲಯದಲ್ಲಿ ರವಿವಾರ ಸಾಯಂಕಾಲ ನಡೆಯುವ ಓದಿನ ಕೂಟಕ್ಕೆ ತಪ್ಪದೆ ಬರುವ ಸದಸ್ಯರೊಬ್ಬರಿದ್ದಾರೆ. ಮುಂಬಯಿಯ ಮಸ್ಜಿದ್ ಬಂದರದ ಕಡೆ ಒಂದು ಸರಕು ಸಾಗಣೆಯ ಕಚೇರಿಯಲ್ಲಿ ಗುಮಾಸ್ತರು. ಊರು ವಿಜಾಪುರದ ಕಡೆ. ಕಳೆದ ಮಳೆಗಾಲದಲ್ಲಿ ಅವರ ಪತ್ನಿಗೆ ಹೊಟ್ಟೆನೋವು ಹತ್ತಿತು. ಪರೀಕ್ಷೆ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ಗೊತ್ತಾಯಿತು. ಖಾಸಗಿ ಆಸ್ಪತ್ರೆಯ ಖರ್ಚು ತಮ್ಮ ಶಕ್ತಿಗೆ ಮೀರಿದ್ದೆಂದು ಅವರು ಒಂದು ಸಾರ್ವಜನಿಕ ಆಸ್ಪತ್ರೆಗೆ ಹೋದರು. ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳುವ ದೊಡ್ಡ ಆಸ್ಪತ್ರೆ ಅದು.

ಶಸ್ತ್ರಕ್ರಿಯೆಯ ಹಿಂದಿನ ದಿನ ಒಪ್ಪಿಗೆಪತ್ರ ತಂದವರು ಇಪ್ಪತ್ತೇಳೆಂಟು ವಯಸ್ಸಿನ ಒಬ್ಬ ತರುಣಿ ಡಾಕ್ಟರು. ಆಪರೇಶನ್ ತಾನು ಮಾಡುವುದಾಗಿಯೂ ಹಿರಿಯ ಸರ್ಜನ್ನರು ಜೊತೆಗಿರುವುದಾಗಿಯೂ ಅವರು ಬಿಚ್ಚುಮನಸ್ಸಿನಿಂದ ಹೇಳಿದರು. ನಮ್ಮ ಸದಸ್ಯರಿಗೆ ಎದೆ ಧಸಕ್ಕೆಂದಿತು. ಆ ರಾತ್ರಿ ನನಗೆ ಫೋನು ಮಾಡಿದರು.

“ಮಾಸ್ತರ, ಕೊಯ್ಯೋರು ದೊಡ್ಡ ಡಾಕ್ಟರ್ ಅಲ್ಲಂತ್ರಿ, ಇನ್ನೂ ಕಲಿಯಾಕತ್ತಾರಂತ. ಸಹಿ ಮಾಡೋಣೋ ಬ್ಯಾಡೋ, ನೀವ ಹೇಳ್ರಿ.”

ನಾನು ವೈದ್ಯನಲ್ಲ. “ಹಿರಿಯರು ಜೊತೆಗಿರುತ್ತಾರೆ ಅಂದರೆ ಎಲ್ಲಿರುತ್ತಾರೆ, ಮೇಜಿನ ಹತ್ತಿರವೋ ಅಥವಾ ಕಟ್ಟಡದಲ್ಲಿ ಎಲ್ಲಿಯೋ, ಅಷ್ಟನ್ನು ಕೇಳಿಕೊಳ್ಳಿರಿ” ಎಂದಷ್ಟೇ ಅಂದೆ. ಆದರೆ ಪ್ರಶ್ನೆ ನನ್ನಲ್ಲಿಯೇ ಉಳಿಯಿತು. ಕಲಿಯುವವರಿಗೆ ಶಸ್ತ್ರ ಕೊಡಬಹುದೆಂದು ಯಾರು ನಿರ್ಣಯಿಸುತ್ತಾರೆ? ಯಾವ ಅಳತೆಗೋಲಿನಿಂದ? ಅಂದಿನಿಂದ ಈ ವಿಷಯದ ಮೇಲೆ ಓದಿಕೊಂಡದ್ದನ್ನು, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ಈ ಪಾಠದಲ್ಲಿ ಕ್ರಮವಾಗಿ ಬರೆಯುತ್ತೇನೆ. ನಮ್ಮಲ್ಲಿ ಹೆಚ್ಚಿನವರು ಕಾಯಿಲೆ ಬಿದ್ದಾಗ ಹೋಗುವುದು ಇಂಥ ಆಸ್ಪತ್ರೆಗಳಿಗೇ. ಆದುದರಿಂದ ಇದು ಡಾಕ್ಟರರ ಮನೆಯ ಮಾತಷ್ಟೇ ಅಲ್ಲ, ನಮ್ಮ ಮನೆಯ ಮಾತೂ ಹೌದು.

2. ಮೊದಲನೆಯ ರೋಗಿ ಯಾರೋ ಒಬ್ಬರು ಆಗಲೇಬೇಕು

ಮೊದಲು ಒಂದು ಕಹಿ ಸತ್ಯವನ್ನು ಒಪ್ಪಿಕೊಳ್ಳಬೇಕು. ಇಂದು ಹೆಸರಾದ ಪ್ರತಿಯೊಬ್ಬ ಸರ್ಜನ್ನರೂ ಒಂದು ದಿನ ತಮ್ಮ ಮೊದಲನೆಯ ಆಪರೇಶನ್ ಮಾಡಿದವರೇ. ಆ ದಿನ ಮೇಜಿನ ಮೇಲೆ ಮಲಗಿದ್ದ ರೋಗಿ ಯಾರೋ ಒಬ್ಬರ ತಾಯಿ, ಯಾರೋ ಒಬ್ಬರ ಮಗ. ಕಲಿಯುವವರು ಯಾರೂ ನನ್ನನ್ನು ಮುಟ್ಟಕೂಡದೆಂದು ಎಲ್ಲರೂ ಹಟ ಹಿಡಿದರೆ ಇಪ್ಪತ್ತು ವರ್ಷಗಳ ಮೇಲೆ ನಾಡಿನಲ್ಲಿ ಸರ್ಜನ್ನರೇ ಇರಲಾರರು. ಹಾಗೆಂದು, ಕಲಿಕೆಯ ಬೆಲೆಯನ್ನು ಬಡ ರೋಗಿಯೇ ತನ್ನ ಮೈಯಿಂದ ತೆರಬೇಕೆಂಬುದು ನ್ಯಾಯವಲ್ಲ. ಈ ಎರಡರ ನಡುವೆ ದಾರಿ ಮಾಡಿಕೊಡುವುದೇ ಯೋಗ್ಯತೆಯ ಪರೀಕ್ಷೆ.

ಇದು ಹೊಸ ವಿಚಾರವೇನೂ ಅಲ್ಲ. ನಮ್ಮ ದೇಶದ ಹಳೆಯ ಶಸ್ತ್ರವೈದ್ಯ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಸೂತ್ರಸ್ಥಾನದ ಒಂಬತ್ತನೆಯ ಆ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂದರೆ ಇಲ್ಲಿ ಅಭ್ಯಾಸ, ಕೈ ಪಳಗಿಸಿಕೊಳ್ಳುವುದು. ಕೊಯ್ಯುವುದನ್ನು ಕುಂಬಳ, ಸೋರೆ, ಕಲ್ಲಂಗಡಿ, ಸವತೆಗಳ ಮೇಲೆ ಕಲಿಯಬೇಕು. ರಕ್ತನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳದ ಮೇಲೆ, ನೈದಿಲೆಯ ದಂಟಿನ ಮೇಲೆ. ಗಾಯದ ಆಳ ಶೋಧಿಸುವುದನ್ನು ಹುಳು ತಿಂದ ಕಟ್ಟಿಗೆಯಲ್ಲಿ, ಬಿದಿರಿನಲ್ಲಿ. ಹೊಲಿಗೆಯನ್ನು ಬಟ್ಟೆ ಹಾಗೂ ಮೆತ್ತನೆಯ ತೊಗಲಿನ ಮೇಲೆ. ಪಟ್ಟಿ ಕಟ್ಟುವುದನ್ನು ಮನುಷ್ಯನ ಆಕಾರದ ಗೊಂಬೆಯ ಮೇಲೆ. ಮುಂದಿನ ಅಧ್ಯಾಯದಲ್ಲಿ, ಓದಿ, ನೋಡಿ, ಅಭ್ಯಾಸ ಮಾಡಿದ ಮೇಲೆಯೂ ರಾಜನ ಅಪ್ಪಣೆ ಪಡೆದೇ ವೈದ್ಯನು ವೃತ್ತಿಗಿಳಿಯಬೇಕೆಂದು ಹೇಳಿದೆ.

ಇಲ್ಲಿ ಎರಡು ತತ್ವಗಳಿವೆ. ಒಂದು, ರೋಗಿಯ ಮೈಗಿಂತ ಮೊದಲು ಬೇರೆ ವಸ್ತುವಿನ ಮೇಲೆ ಕೈ ಪಳಗಬೇಕು. ಎರಡು, ನಾನು ಸಿದ್ಧನಾದೆನೆಂದು ಕಲಿಯುವವನೇ ಹೇಳಿಕೊಂಡರೆ ಸಾಲದು. ಬೇರೊಬ್ಬರು ನೋಡಿ ಒಪ್ಪಬೇಕು. ಇಂದಿನ ಪರೀಕ್ಷಾ ಕ್ರಮಗಳೆಲ್ಲ ಈ ಎರಡು ಕಂಬಗಳ ಮೇಲೆಯೇ ನಿಂತಿವೆ.

3. ಗುರುವಿನ ತೃಪ್ತಿಯೇ ಪರೀಕ್ಷೆ

ಈಗಿನ ಸರ್ಜನ್ನರ ತರಬೇತಿಯ ಪದ್ಧತಿಗೆ ತಳಹದಿ ಹಾಕಿದವರಲ್ಲಿ ಮುಖ್ಯರು ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ (1852–1922). ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 1889ರಲ್ಲಿ ತೆರೆಯಿತು. ಅಲ್ಲಿ ಹಾಲ್‌ಸ್ಟೆಡ್ಡರು ಜರ್ಮನಿಯ ಆಸ್ಪತ್ರೆಗಳ ಮಾದರಿಯನ್ನು ನೋಡಿ ಒಂದು ಕ್ರಮವನ್ನು ಕಟ್ಟಿದರು. ಕಲಿಯುವ ಡಾಕ್ಟರರು ಆಸ್ಪತ್ರೆಯಲ್ಲಿಯೇ ವಾಸವಾಗಿರಬೇಕು. ರೆಸಿಡೆಂಟ್ ಎಂಬ ಹೆಸರು ಬಂದದ್ದು ಇದರಿಂದಲೇ. ಮೊದಲು ನೋಡುವುದು, ಆಮೇಲೆ ಕೈಗೂಡಿಸುವುದು, ಆಮೇಲೆ ಸ್ವಲ್ಪ ಸ್ವಲ್ಪ ತಾವೇ ಮಾಡುವುದು, ಹೀಗೆ ಹೊಣೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತಮ್ಮಲ್ಲಿ ಸುಮಾರು ಆರು ವರ್ಷ ಸಹಾಯಕನಾಗಿ, ಎರಡು ವರ್ಷ ಮುಖ್ಯ ರೆಸಿಡೆಂಟನಾಗಿ ದುಡಿಯಬೇಕಾಗುತ್ತದೆಂದು ಅವರು 1904ರ ಒಂದು ಉಪನ್ಯಾಸದಲ್ಲಿ ವಿವರಿಸಿದರು. ಮೂವತ್ತಮೂರು ವರ್ಷಗಳಲ್ಲಿ ಅವರ ಕೈಕೆಳಗೆ ಮುಖ್ಯ ರೆಸಿಡೆಂಟರಾದವರು ಬರಿಯ 17 ಮಂದಿ.

ಈ ಪದ್ಧತಿಯ ಗುಣ ದೊಡ್ಡದು. ಗುರುವು ಶಿಷ್ಯನನ್ನು ದಿನದಿನವೂ ನೋಡುತ್ತಾನೆ; ನಡುರಾತ್ರಿ ರಕ್ತ ಹರಿಯುವ ರೋಗಿ ಬಂದಾಗ ಅವನ ಕೈ ನಡುಗುತ್ತದೆಯೇ ಎಂಬುದನ್ನು ಬಲ್ಲನು. ದೋಷವೂ ದೊಡ್ಡದೇ. ಎಲ್ಲವೂ ಒಬ್ಬ ಮನುಷ್ಯನ ಮನಸ್ಸಿಗೆ ಬಿಟ್ಟದ್ದು. ಗುರುವಿಗೆ ಮೆಚ್ಚುಗೆಯಾದವನು ಬೇಗ ಮೇಲೇರಬಹುದು. ಮಾತು ಕಡಿಮೆಯ, ಕೈ ಚೊಕ್ಕಟದ ಹುಡುಗನು ಹಿಂದೆ ಉಳಿಯಬಹುದು. ಆಫೀಸಿನಲ್ಲಿ ಕೆಲಸ ಮಾಡುವ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಹೇಬರ ಗುಪ್ತ ವರದಿಯಿಂದ ಬಡ್ತಿ ಸಿಕ್ಕವರನ್ನೂ ತಪ್ಪಿದವರನ್ನೂ ನಾವು ಕಂಡಿದ್ದೇವೆ.

4. ಎಣಿಕೆಯ ಪದ್ಧತಿ

ಒಬ್ಬರ ಮನಸ್ಸಿಗೆ ಬಿಡಬಾರದೆಂದಾಗ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಎಣಿಸುವುದು. ಇಷ್ಟು ವರ್ಷ ಕಳೆದವನು, ಇಷ್ಟು ಆಪರೇಶನ್ ಮಾಡಿದವನು ಸಿದ್ಧನಾದನೆಂದು ತಿಳಿಯುವುದು. ಅಮೆರಿಕದಲ್ಲಿ ಸಾಮಾನ್ಯ ಶಸ್ತ್ರವೈದ್ಯದ ಐದು ವರ್ಷಗಳ ತರಬೇತಿ ಮುಗಿಸುವವರು ಕನಿಷ್ಠ 850 ದೊಡ್ಡ ಆಪರೇಶನ್ನುಗಳನ್ನು ಲೆಕ್ಕ ತೋರಿಸಬೇಕು. ಅದರಲ್ಲಿ 200 ಕೊನೆಯ ವರ್ಷದಲ್ಲಿ ಆಗಿರಬೇಕು.

ಎಣಿಕೆಗೆ ಅರ್ಥವಿಲ್ಲವೆಂದಲ್ಲ. ಪಿತ್ತಕೋಶದ ಆಪರೇಶನ್ನನ್ನೇ ತೆಗೆದುಕೊಳ್ಳೋಣ. ಮೊದಲು ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುತ್ತಿದ್ದ ಈ ಕೆಲಸವನ್ನು ನಾಲ್ಕು ಸಣ್ಣ ತೂತುಗಳಿಂದ, ಒಳಗೆ ಕ್ಯಾಮೆರಾ ತೂರಿಸಿ, ಪರದೆಯ ಮೇಲೆ ನೋಡುತ್ತ ಮಾಡುವ ವಿಧಾನ 1980ರ ದಶಕದಲ್ಲಿ ಯುರೋಪಿನಲ್ಲಿ ಮೊದಲಾಯಿತು. ಜನ ಇದನ್ನು ದುರ್ಬೀನಿನ ಆಪರೇಶನ್ ಎನ್ನುತ್ತಾರೆ. ಭಾರತದಲ್ಲಿ ಇದನ್ನು 1990ರಲ್ಲಿ ಮೊದಲು ಮಾಡಿದವರು ನಮ್ಮ ಮುಂಬಯಿಯ ಡಾ. ತೆಹೆಂಟನ್ ಉದ್ವಾಡಿಯಾ. ಹೊಸ ವಿಧಾನ ಹರಡಿದಾಗ ಒಂದು ಹೊಸ ಅಪಾಯವೂ ಜೊತೆಗೆ ಬಂತು. ಪಿತ್ತಕೋಶಕ್ಕೆ ಹೋಗುವ ಸಣ್ಣ ನಾಳವನ್ನು ಕತ್ತರಿಸುವ ಬದಲು, ಯಕೃತ್ತಿನಿಂದ ಕರುಳಿಗೆ ಪಿತ್ತ ಒಯ್ಯುವ ಮುಖ್ಯ ನಾಳಕ್ಕೇ ಪೆಟ್ಟಾಗುವುದು. ಹಾಗಾದರೆ ರೋಗಿಗೆ ಮತ್ತೆ ಮತ್ತೆ ಆಪರೇಶನ್, ವರ್ಷಗಟ್ಟಲೆ ತೊಂದರೆ.

ಅಮೆರಿಕದ ದಕ್ಷಿಣ ಭಾಗದ 55 ಸರ್ಜನ್ನರು ಮಾಡಿದ 8,839 ಇಂಥ ಆಪರೇಶನ್ನುಗಳ ಲೆಕ್ಕ 1995ರಲ್ಲಿ ಪ್ರಕಟವಾಯಿತು. ಮುಖ್ಯ ನಾಳಕ್ಕೆ ಪೆಟ್ಟಾದದ್ದು 15 ಸಲ. ಅದರಲ್ಲಿ ನೂರಕ್ಕೆ 90ರಷ್ಟು ಪೆಟ್ಟುಗಳು ಆಯಾ ಸರ್ಜನ್ನರ ಮೊದಲಿನ 30 ಆಪರೇಶನ್ನುಗಳಲ್ಲಿಯೇ ಆಗಿದ್ದವು. ಮೊದಲನೆಯ ಆಪರೇಶನ್ನಿನಲ್ಲಿ ನೂರಕ್ಕೆ 1.7ರಷ್ಟಿದ್ದ ಅಪಾಯ ಐವತ್ತನೆಯದಕ್ಕೆ 0.17ಕ್ಕೆ, ಅಂದರೆ ಹತ್ತರಲ್ಲಿ ಒಂದು ಪಾಲಿಗೆ, ಇಳಿಯುತ್ತದೆಂದು ಅವರು ಗಣಿತ ಹಾಕಿದರು. ಇವರು ವಿದ್ಯಾರ್ಥಿಗಳಲ್ಲ, ವೃತ್ತಿಯಲ್ಲಿದ್ದ ಸರ್ಜನ್ನರು. ವಿಧಾನ ಮಾತ್ರ ಅವರಿಗೆ ಹೊಸದು. ಮಾಡುತ್ತ ಮಾಡುತ್ತಲೇ ಕೈ ಕುದುರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಆದರೆ ಎಣಿಕೆಯೊಂದರಿಂದಲೇ ಯೋಗ್ಯತೆ ತಿಳಿಯುವುದಿಲ್ಲ. ಪುಸ್ತಕದಲ್ಲಿ ಒಂದು ಆಪರೇಶನ್ ಎಂದು ಬರೆದಿರುತ್ತದೆ. ಅದರಲ್ಲಿ ಕಠಿಣ ಭಾಗವನ್ನು ಮಾಡಿದವರು ಯಾರು? ಶಿಷ್ಯನೋ, ಅವನ ಕೈಯನ್ನು ಸರಿಸಿ ಗುರುವೋ? ಅಮೆರಿಕದಲ್ಲಿ ತರಬೇತಿ ಮುಗಿಸಿ ಇನ್ನೂ ಹೆಚ್ಚಿನ ವಿಶೇಷ ಶಿಕ್ಷಣಕ್ಕೆ ಬಂದವರ ಬಗ್ಗೆ, ಅವರನ್ನು ಬರಮಾಡಿಕೊಂಡ ಮುಖ್ಯಸ್ಥರ ಅಭಿಪ್ರಾಯ ಕೇಳಿ 2013ರಲ್ಲಿ ಒಂದು ವರದಿ ಪ್ರಕಟಿಸಿದರು. ಹೊಸದಾಗಿ ಬಂದವರಲ್ಲಿ ನೂರಕ್ಕೆ 30 ಮಂದಿ ದುರ್ಬೀನಿನ ಪಿತ್ತಕೋಶದ ಆಪರೇಶನ್ನನ್ನು ಸ್ವತಂತ್ರವಾಗಿ ಮಾಡಲಾರರು. ನೂರಕ್ಕೆ 66 ಮಂದಿ ಒಂದು ದೊಡ್ಡ ಆಪರೇಶನ್ನಿನಲ್ಲಿ ಅರ್ಧ ಗಂಟೆಯಷ್ಟು ಕಾಲವನ್ನೂ ಮೇಲ್ವಿಚಾರಣೆಯಿಲ್ಲದೆ ನಡೆಸಲಾರರು ಎಂದು ಆ ಮುಖ್ಯಸ್ಥರು ಹೇಳಿದ್ದರು. ಇವರೆಲ್ಲ ವರ್ಷಗಳನ್ನು ಪೂರೈಸಿದವರು, ಲೆಕ್ಕವನ್ನೂ ತೋರಿಸಿದವರು.

5. ಕೈಯನ್ನು ಅಳೆಯುವುದು

ವರ್ಷಗಳನ್ನು ಎಣಿಸಿದರೆ ಸಾಲದು, ಕೈಯನ್ನೇ ನೋಡಬೇಕು ಎಂಬ ವಿಚಾರ 1990ರ ದಶಕದಲ್ಲಿ ಬಲವಾಯಿತು. ಕೆನಡಾದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ರೆಜ್ನಿಕ್ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯನ್ನು ರೂಪಿಸಿ 1997ರಲ್ಲಿ ಅದರ ವಿವರ ಪ್ರಕಟಿಸಿದರು. ಅದಕ್ಕೆ ಓಸ್ಯಾಟ್ಸ್ ಎಂದು ಹೆಸರು. ಹಲವು ಮೇಜುಗಳು, ಪ್ರತಿಯೊಂದರ ಮೇಲೆ ಒಂದು ಮಾದರಿ, ಕೊಟ್ಟ ವೇಳೆಯಲ್ಲಿ ಚರ್ಮ ಹೊಲಿಯುವುದು, ಕರುಳು ಜೋಡಿಸುವುದು ಮುಂತಾದ ಕೆಲಸ ಮಾಡಬೇಕು, ಪಕ್ಕದಲ್ಲಿ ನಿಂತ ಪರೀಕ್ಷಕರು ನೋಡಿ ಅಂಕ ಹಾಕಬೇಕು.

ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿತ ವಾಚಕರಿಗೆ ಇದು ಪರಿಚಿತವೆನಿಸೀತು. ಕಬ್ಬಿಣದ ತುಂಡು, ನಕಾಶೆ, ಕಾನಸು, ಇಂತಿಷ್ಟು ಗಂಟೆ. ಕೊನೆಗೆ ತಂದೊಪ್ಪಿಸಿದ ತುಂಡನ್ನು ವರ್ನಿಯರ್ ಹಿಡಿದು ಅಳೆಯುತ್ತಾರೆ. ಆದರೆ ಅನುಭವಸ್ಥರಾದ ಉಸ್ತಾದರು ತುಂಡನ್ನಷ್ಟೇ ಅಳೆಯುವುದಿಲ್ಲ. ಹುಡುಗ ಕಾನಸನ್ನು ಹಿಡಿದ ರೀತಿ, ನಿಂತ ನಿಲುವು, ಬೇಡದೆ ಎಷ್ಟು ಸಲ ಉಜ್ಜಿದ ಎಂಬುದನ್ನೂ ಗಮನಿಸುತ್ತಾರೆ. ಟೊರಾಂಟೋದವರೂ ಹಾಗೆಯೇ ಮಾಡಿದರು. ಕೆಲಸದ ಹಂತಗಳ ಒಂದು ಪಟ್ಟಿಯ ಜೊತೆಗೆ ಏಳು ಗುಣಗಳನ್ನು ಆರಿಸಿ, ಪ್ರತಿಯೊಂದಕ್ಕೆ ಒಂದರಿಂದ ಐದರವರೆಗೆ ಅಂಕ ಇಟ್ಟರು:

1. ದೇಹದ ಭಾಗಗಳನ್ನು ಮೆಲ್ಲಗೆ, ಗೌರವದಿಂದ ಮುಟ್ಟುತ್ತಾರೆಯೇ?
2. ವೇಳೆಯನ್ನೂ ಕೈಯ ಚಲನೆಯನ್ನೂ ವ್ಯರ್ಥ ಮಾಡದೆ ಬಳಸುತ್ತಾರೆಯೇ?
3. ಉಪಕರಣ ಹಿಡಿಯುವ ರೀತಿ ಸರಾಗವಾಗಿದೆಯೇ?
4. ಯಾವ ಉಪಕರಣಕ್ಕೆ ಏನು ಹೆಸರು, ಏನು ಕೆಲಸ ಎಂಬುದನ್ನು ಬಲ್ಲರೇ?
5. ಸಹಾಯಕರಿಂದ ಸರಿಯಾಗಿ ಕೆಲಸ ಮಾಡಿಸಿಕೊಳ್ಳುತ್ತಾರೆಯೇ?
6. ಮುಂದಿನ ಹೆಜ್ಜೆಯನ್ನು ಮೊದಲೇ ಯೋಚಿಸಿ ಸಾಗುತ್ತಾರೆಯೇ?
7. ಈ ಆಪರೇಶನ್ನಿನ ಕ್ರಮ ಅವರಿಗೆ ಪೂರಾ ಗೊತ್ತಿದೆಯೇ?

ಕೈಯ ಕುಶಲತೆಯನ್ನು ಹೀಗೆ ಕಣ್ಣಿನಿಂದ ಅಳೆಯಬಹುದೇ, ಅಳೆದರೆ ಅದಕ್ಕೂ ರೋಗಿಯ ಗುಣಕ್ಕೂ ಸಂಬಂಧವಿದೆಯೇ ಎಂದು ಯಾರಾದರೂ ಕೇಳಿಯಾರು. ಅಮೆರಿಕದ ಮಿಶಿಗನ್ ರಾಜ್ಯದಿಂದ 2013ರಲ್ಲಿ ಇದಕ್ಕೆ ಉತ್ತರ ಬಂತು. ಅತಿಯಾದ ಬೊಜ್ಜಿನ ರೋಗಿಗಳಿಗೆ ಆಪರೇಶನ್ ಮಾಡುವ 20 ಮಂದಿ ಸರ್ಜನ್ನರು ತಮ್ಮ ಒಂದೊಂದು ಆಪರೇಶನ್ನಿನ ಚಿತ್ರವನ್ನು ಕಳಿಸಿದರು. ಯಾರದೆಂದು ತಿಳಿಸದೆ ಅವನ್ನು ಸಹೋದ್ಯೋಗಿ ಸರ್ಜನ್ನರಿಗೆ ತೋರಿಸಿ ಅಂಕ ಹಾಕಿಸಿದರು. ಕುಶಲತೆಯಲ್ಲಿ ಕೆಳಗಿನ ಕಾಲುಭಾಗದಲ್ಲಿ ಬಂದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಡಕುಗಳಾಗಿದ್ದವು; ಮೇಲಿನ ಕಾಲುಭಾಗದವರ ರೋಗಿಗಳಲ್ಲಿ ನೂರಕ್ಕೆ 5.2 ಮಂದಿಗೆ ಮಾತ್ರ. ಇವರೂ ವಿದ್ಯಾರ್ಥಿಗಳಲ್ಲ, ಪದವಿ ಪಡೆದು ವೃತ್ತಿಯಲ್ಲಿದ್ದವರೇ. ಅಂದಮೇಲೆ ಕಲಿಯುವಾಗಲೇ ಕೈಯನ್ನು ನೋಡಿ ತಿದ್ದುವುದು ಎಷ್ಟು ಅವಶ್ಯವೆಂಬುದನ್ನು ವಾಚಕರೇ ಊಹಿಸಬಹುದು.

6. ಎಷ್ಟು ಸಹಾಯ ಬೇಕಾಯಿತು?

ಮಾದರಿಯ ಮೇಲೆ ಚೆನ್ನಾಗಿ ಹೊಲಿದವರು ಜೀವಂತ ರೋಗಿಯ ಮುಂದೆ ಹೇಗೆ? ಅಲ್ಲಿ ಅಳೆಯುವುದು ಹೇಗೆ? ಈ ತೊಡಕನ್ನು ಬಿಡಿಸಲು ಒಂದು ಸರಳವಾದ ಪ್ರಶ್ನೆ ನೆರವಿಗೆ ಬಂತು. ಶಿಷ್ಯ ಎಷ್ಟು ಜಾಣ ಎಂದು ಗುರುವನ್ನು ಕೇಳಬೇಡಿರಿ. ಈ ಆಪರೇಶನ್ನಿನಲ್ಲಿ ನೀವು ಎಷ್ಟು ಸಹಾಯ ಮಾಡಬೇಕಾಯಿತು ಎಂದು ಕೇಳಿರಿ. ಅಮೆರಿಕದ ಜೋಸೆಫ್ ಜ್ವಿಶನ್‌ಬರ್ಗರ್ ಎಂಬ ಸರ್ಜನ್ನರ ಹೆಸರಿನಿಂದ ಜ್ವಿಶ್ ಅಳತೆಗೋಲೆಂದು ಕರೆಯುವ ಕ್ರಮದಲ್ಲಿ ಇದಕ್ಕೆ ನಾಲ್ಕು ಮೆಟ್ಟಿಲುಗಳಿವೆ.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ದುಡಿದ ವಾಚಕರು ಈ ಮೆಟ್ಟಿಲುಗಳನ್ನು ಬೇರೆ ಹೆಸರಿನಲ್ಲಿ ಬಲ್ಲರು. ಹೊಸ ಆಳನ್ನು ಭಟ್ಟರು ಮೊದಲು ದೋಸೆಯ ಕಾವಲಿಯ ಪಕ್ಕದಲ್ಲಿ ನಿಲ್ಲಿಸಿ ತಾವು ಹುಯ್ದು ತೋರಿಸುತ್ತಾರೆ, ಮಾತಿನಲ್ಲಿಯೂ ಹೇಳುತ್ತಾರೆ. ಇದು ಮೊದಲನೆಯ ಮೆಟ್ಟಿಲು, ತೋರಿಸಿ ಹೇಳುವುದು. ಆಮೇಲೆ ಸೌಟನ್ನು ಅವನ ಕೈಗೆ ಕೊಟ್ಟು, ಈಗ ಹುಯ್ಯಿ, ಈಗ ಮಗುಚು ಎಂದು ಹೆಜ್ಜೆ ಹೆಜ್ಜೆಗೂ ನಡೆಸುತ್ತಾರೆ. ಇದು ಎರಡನೆಯದು, ಕೈಹಿಡಿದು ನಡೆಸುವುದು. ಮುಂದೆ ಅವನೇ ಮುಂದಾಳಾಗಿ ದೋಸೆ ಹುಯ್ಯುತ್ತಾನೆ. ಭಟ್ಟರು ಕೇಳಿದ್ದನ್ನು ಎತ್ತಿಕೊಡುವ ಸಹಾಯಕರಂತೆ ಹಿಂದೆ ನಿಲ್ಲುತ್ತಾರೆ. ಇದು ಮೂರನೆಯದು, ಹಿಂಬಾಲಿಸಿ ಸಹಾಯ ಮಾಡುವುದು. ಕೊನೆಗೆ ಬೆಳಗಿನ ಗಿರಾಕಿಗಳ ನೂಕುನುಗ್ಗಲಿನಲ್ಲಿಯೂ ಅವನೊಬ್ಬನೇ ಕಾವಲಿ ನಡೆಸುತ್ತಾನೆ. ಭಟ್ಟರು ದೂರದಿಂದ ಕಣ್ಣಿಟ್ಟಿರುತ್ತಾರೆ, ಹೊಗೆ ಎದ್ದರೆ ಮಾತ್ರ ಓಡಿಬರುತ್ತಾರೆ. ಇದು ನಾಲ್ಕನೆಯದು, ಬರಿಯ ಮೇಲ್ವಿಚಾರಣೆ. ಹೋಟೆಲಿನಲ್ಲಿ ಕೆಟ್ಟರೆ ಒಂದು ದೋಸೆ ಕೆಟ್ಟೀತು. ಆಪರೇಶನ್ ಥಿಯೇಟರಿನಲ್ಲಿ ಹಾಗಲ್ಲ. ಆದುದರಿಂದ ಮೆಟ್ಟಿಲು ಹತ್ತಿಸುವಾಗ ಅಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು.

ಈ ಕ್ರಮದ ಹೆಚ್ಚುಗಾರಿಕೆ ಎಂದರೆ, ಒಂದು ದೊಡ್ಡ ಪರೀಕ್ಷೆಯ ಬದಲು ನೂರಾರು ಚಿಕ್ಕ ತೀರ್ಪುಗಳು ಕೂಡಿಬರುತ್ತವೆ. ಆಪರೇಶನ್ ಮುಗಿದ ಮೇಲೆ ಗುರುವು ತನ್ನ ಮೊಬೈಲಿನಲ್ಲಿಯೇ ಒಂದೆರಡು ನಿಮಿಷದಲ್ಲಿ ಗುರುತು ಹಾಕುತ್ತಾನೆ. ತಡಮಾಡಿದರೆ ನೆನಪು ಮಸುಕಾಗುತ್ತದೆಂದು 72 ಗಂಟೆಗಳ ಗಡುವು ಇಟ್ಟವರೂ ಇದ್ದಾರೆ. ಒಬ್ಬನೇ ಗುರುವಾದರೆ ಅವನ ಒಲವು ಇಲ್ಲವೆ ಮುನಿಸು ಅಂಕದಲ್ಲಿ ಸೇರುತ್ತದೆ; ಹಲವು ಗುರುಗಳ ಕಣ್ಣು ಬಿದ್ದರೆ ಅದು ಸಮನಾಗುತ್ತದೆ. ತರುಣಿ ಡಾಕ್ಟರರಿಗೆ ತರುಣರಿಗಿಂತ ಕಡಿಮೆ ಸ್ವಾತಂತ್ರ್ಯ ಕೊಡುತ್ತಾರೆಂದು ಅಮೆರಿಕದ ಅಧ್ಯಯನಗಳಲ್ಲಿ ಕಂಡುಬಂದಿದೆ. ಗುರುತು ಹಾಕಿ ಇಟ್ಟದ್ದರಿಂದಲೇ ಅಂಥ ಅನ್ಯಾಯ ಕಣ್ಣಿಗೆ ಬಿತ್ತು. ಇಲ್ಲದಿದ್ದರೆ ಅದು ಬರಿ ಗೊಣಗಾಟವಾಗಿ ಉಳಿಯುತ್ತಿತ್ತು.

ಇದೇ ವಿಚಾರವನ್ನು ಮುಂದುವರಿಸಿ ನೆದರ್ಲೆಂಡಿನ ಉಟ್ರೆಕ್ಟ್ ನಗರದ ಓಲೆ ಟೆನ್ ಕಾಟೆ ಎಂಬವರು 2005ರಲ್ಲಿ ನಂಬಿ ಒಪ್ಪಿಸುವ ಕೆಲಸ ಎಂಬ ಕಲ್ಪನೆಯನ್ನು ಮುಂದಿಟ್ಟರು. ಇವರನ್ನು ನಂಬಿ ಈ ಕೆಲಸವನ್ನು ಇಷ್ಟರಮಟ್ಟಿಗೆ ಒಪ್ಪಿಸಬಹುದೇ ಎಂಬುದೇ ಅಲ್ಲಿಯ ಪರೀಕ್ಷೆ. ಅಮೆರಿಕದ ಸರ್ಜನ್ನರ ಮಂಡಳಿಯು 2023ರ ಜುಲೈಯಿಂದ ಸಾಮಾನ್ಯ ಶಸ್ತ್ರವೈದ್ಯದಲ್ಲಿ ಇಂಥ 18 ಕೆಲಸಗಳನ್ನು ಗೊತ್ತುಮಾಡಿ ಈ ಕ್ರಮವನ್ನು ಜಾರಿಗೆ ತಂದಿದೆ. ಪಿತ್ತಕೋಶದ ರೋಗಿಯ ಆರೈಕೆ ಅವುಗಳಲ್ಲೊಂದು. ಗಮನಿಸಿರಿ, ಬರಿ ಆಪರೇಶನ್ನಲ್ಲ. ಆಪರೇಶನ್ ಬೇಕೇ ಎಂದು ನಿರ್ಣಯಿಸುವುದು, ಮಾಡುವುದು, ಆಮೇಲೆ ರೋಗಿಯನ್ನು ನೋಡಿಕೊಳ್ಳುವುದು, ಎಲ್ಲವೂ ಅದರಲ್ಲಿ ಸೇರಿದೆ.

7. ಕೈಗಿಂತ ದೊಡ್ಡದು ಕಣ್ಣು, ಕಣ್ಣಿಗಿಂತ ದೊಡ್ಡದು ವಿವೇಕ

ಇನ್ನು ಈ ಪಾಠದ ಮುಖ್ಯ ಮಾತಿಗೆ ಬರೋಣ. ಪಿತ್ತನಾಳಕ್ಕೆ ಪೆಟ್ಟಾದ 252 ಪ್ರಸಂಗಗಳನ್ನು ಒಂದೊಂದಾಗಿ ಪರಿಶೀಲಿಸಿದ ಒಂದು ಅಧ್ಯಯನ ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾಯಿತು. ಕೈ ಜಾರಿ, ಇಲ್ಲವೆ ಕೌಶಲ್ಯ ಸಾಲದೆ ಆದ ಪೆಟ್ಟುಗಳು ತೀರ ಕಡಿಮೆ. ನೂರಕ್ಕೆ 97ರಲ್ಲಿ ಮೂಲ ಕಾರಣ ಕಣ್ಣಿನ ಭ್ರಮೆ. ಸರ್ಜನ್ನರು ಪರದೆಯ ಮೇಲೆ ಕಂಡ ಮುಖ್ಯ ನಾಳವನ್ನೇ ಸಣ್ಣ ನಾಳವೆಂದು ನಂಬಿಬಿಟ್ಟಿದ್ದರು. ಮುಸ್ಸಂಜೆಯಲ್ಲಿ ಹಗ್ಗವನ್ನು ಹಾವೆಂದು ತಿಳಿಯುವುದು ನಮಗೆಲ್ಲ ಗೊತ್ತು. ಇಲ್ಲಿ ಹಾವನ್ನೇ ಹಗ್ಗವೆಂದು ತಿಳಿದು ಹಿಡಿದಂತಾಯಿತು. ಎಷ್ಟು ಚುರುಕಾದ ಕೈಯಿದ್ದರೇನು, ತಪ್ಪು ನಾಳವನ್ನು ಚೊಕ್ಕಟವಾಗಿ ಕತ್ತರಿಸಿದರೆ?

ಇದಕ್ಕೆ ಉಪಾಯವನ್ನು ಸ್ಟೀವನ್ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ನರು ಮತ್ತು ಅವರ ಸಂಗಡಿಗರು 1995ರಲ್ಲಿ ಒತ್ತಿ ಹೇಳಿದ್ದರು. ಕತ್ತರಿಸುವ ಮೊದಲು ಮೂರು ಸಂಗತಿಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣಬೇಕು. ಒಂದು, ಪಿತ್ತಕೋಶದ ಕೊರಳಿನ ಹತ್ತಿರದ ತ್ರಿಕೋನಾಕಾರದ ಜಾಗ ಕೊಬ್ಬು ತೆಗೆದು ಸ್ವಚ್ಛವಾಗಿರಬೇಕು. ಎರಡು, ಪಿತ್ತಕೋಶದ ಕೆಳಗಿನ ಮೂರನೆಯ ಒಂದು ಭಾಗ ಯಕೃತ್ತಿನಿಂದ ಬಿಡಿಸಿಕೊಂಡಿರಬೇಕು. ಮೂರು, ಪಿತ್ತಕೋಶದೊಳಗೆ ಹೋಗುವ ಎರಡೇ ಎರಡು ನಾಳಗಳು ಕಾಣಬೇಕು, ಮೂರನೆಯದು ಇರಕೂಡದು. ಈ ಮೂರೂ ಕಾಣದಿದ್ದರೆ ಕತ್ತರಿ ಹಾಕುವಂತಿಲ್ಲ. ನಿಲ್ಲಬೇಕು, ಹಿರಿಯರನ್ನು ಕರೆಯಬೇಕು, ಅಗತ್ಯವಿದ್ದರೆ ತೂತಿನ ವಿಧಾನ ಬಿಟ್ಟು ಹೊಟ್ಟೆ ತೆರೆಯಬೇಕು, ಇಲ್ಲವೆ ಪಿತ್ತಕೋಶದ ಸ್ವಲ್ಪ ಭಾಗವನ್ನು ಉಳಿಸಿ ಸುರಕ್ಷಿತವಾಗಿ ಹೊರಬರಬೇಕು.

ಆದುದರಿಂದ ಕಲಿಯುವವರ ಯೋಗ್ಯತೆಯನ್ನು ಪರೀಕ್ಷಿಸುವವರು ಕೈಯ ಜೊತೆಗೆ ಇದನ್ನೂ ನೋಡಬೇಕು. ಇವರು ತಮಗೆ ಕಾಣದ್ದನ್ನು ಕಾಣುತ್ತಿಲ್ಲವೆಂದು ಬಾಯಿಬಿಟ್ಟು ಹೇಳುತ್ತಾರೆಯೇ? ಹಟಕ್ಕೆ ಬಿದ್ದು ಮುಂದುವರಿಯುತ್ತಾರೆಯೇ? ನರ್ಸಮ್ಮನೋ ಅರಿವಳಿಕೆಯ ಡಾಕ್ಟರರೋ ಎಚ್ಚರಿಸಿದರೆ ಕೇಳಿಸಿಕೊಳ್ಳುತ್ತಾರೆಯೇ? ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ವಿದ್ವಾಂಸರು ಸರ್ಜನ್ನರೊಡನೆ ಕೂಡಿ 2006ರಲ್ಲಿ ಇಂಥ ಗುಣಗಳಿಗಾಗಿಯೇ ಒಂದು ಅಳತೆಗೋಲು ಪ್ರಕಟಿಸಿದರು. ಅದರ ನಾಲ್ಕು ಅಂಗಗಳು: ಸುತ್ತಲಿನ ಸ್ಥಿತಿಯ ಅರಿವು, ನಿರ್ಣಯ ಶಕ್ತಿ, ಜೊತೆಯವರೊಡನೆ ಮಾತುಕತೆ ಹಾಗೂ ಕೂಡಿ ದುಡಿಯುವುದು, ಮುಂದಾಳುತನ. ಹೊಲಿಗೆ ಚೆನ್ನಾಗಿ ಹಾಕುವವನು ಕಸುಬುದಾರನಾದನು. ಯಾವಾಗ ನಿಲ್ಲಬೇಕೆಂದು ತಿಳಿದವನು ಮಾತ್ರ ಸರ್ಜನ್ ಆದನು.

8. ನಮ್ಮ ದೇಶದಲ್ಲಿ

ಭಾರತದಲ್ಲಿ ಸಾಮಾನ್ಯ ಶಸ್ತ್ರವೈದ್ಯದ ಎಂ.ಎಸ್. ಪದವಿಗೆ ಎಂ.ಬಿ.ಬಿ.ಎಸ್. ಮುಗಿದ ಮೇಲೆ ಮೂರು ವರ್ಷ. ಇದರ ನಿಯಮಗಳನ್ನು ಮಾಡುವುದು 2020ರಲ್ಲಿ ಹಿಂದಿನ ವೈದ್ಯ ಪರಿಷತ್ತಿನ ಜಾಗಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ. ಕಲಿಯುವವರು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬುದೂ ಈಗಿನ ನಿಯಮಗಳಲ್ಲಿದೆ. ಅವರು ಲಾಗ್‌ಬುಕ್ ಎಂಬ ದಿನಚರಿ ಪುಸ್ತಕ ಇಡಬೇಕು. ನೋಡಿದ್ದು, ಕೈಗೂಡಿಸಿದ್ದು, ಹಿರಿಯರ ಕಣ್ಣೆದುರು ಮಾಡಿದ್ದು, ಸ್ವತಂತ್ರವಾಗಿ ಮಾಡಿದ್ದು ಎಂದು ಅದರಲ್ಲಿ ಬೇರೆ ಬೇರೆಯಾಗಿ ಬರೆಯುವ ರೂಢಿಯಿದೆ. ಮೇಲೆ ಹೇಳಿದ ನಾಲ್ಕು ಮೆಟ್ಟಿಲುಗಳಿಗೆ ಇದು ಹತ್ತಿರದ ಮಾತೇ.

ಆದರೆ ಅಂತಿಮ ಪರೀಕ್ಷೆಯ ಭಾರವೆಲ್ಲ ಲಿಖಿತ ಪ್ರಶ್ನೆಗಳ ಮೇಲೆ, ರೋಗಿಯನ್ನು ಪರೀಕ್ಷಿಸಿ ರೋಗ ಹೇಳುವುದರ ಮೇಲೆ, ಮೌಖಿಕ ಪ್ರಶ್ನೋತ್ತರದ ಮೇಲೆ ಬೀಳುತ್ತದೆ. ರೋಗ ಗುರುತಿಸುವ ವಿದ್ಯೆ ಬಹಳ ಬೇಕಾದದ್ದೇ. ಆದರೆ ಪರೀಕ್ಷಕರು ಅಭ್ಯರ್ಥಿಯ ಕೈಯನ್ನು ಆಪರೇಶನ್ ಮೇಜಿನ ಮುಂದೆ ನೋಡಿ ಅಂಕ ಹಾಕುವ ಸಂದರ್ಭ ಸಾಮಾನ್ಯವಾಗಿ ಬರುವುದಿಲ್ಲ. ಆ ತೀರ್ಪನ್ನು ಮೂರು ವರ್ಷ ಜೊತೆಗಿದ್ದ ಗುರುಗಳೇ ಕೊಡಬೇಕು. ನಮ್ಮ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಲ್ಲಿ ರೋಗಿಗಳ ಸಾಲು ಉದ್ದ. ಕಲಿಯುವವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಗುರುಗಳ ವೇಳೆಗೆ. ಪ್ರತಿ ಆಪರೇಶನ್ ಮುಗಿದ ಮೇಲೆ ಐದು ನಿಮಿಷ ನಿಂತು, ಇಲ್ಲಿ ಸರಿ, ಇಲ್ಲಿ ತಪ್ಪು ಎಂದು ಹೇಳಿ ಗುರುತು ಹಾಕುವ ಪದ್ಧತಿ ಎಲ್ಲ ಕಡೆಗೂ ಬೇರೂರಿದರೆ ಅದರ ಲಾಭ ಮೊದಲು ಮುಟ್ಟುವುದು ನಮ್ಮಂಥ ರೋಗಿಗಳಿಗೆ.

9. ರೋಗಿಯ ಪಾಲಿನ ಕರ್ತವ್ಯ

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೋಗಿಗಳ ಹಕ್ಕುಗಳ ಒಂದು ಸನ್ನದನ್ನು ಸಿದ್ಧಪಡಿಸಿತು. ತನ್ನ ಆರೈಕೆ ಮಾಡುವವರು ಯಾರು, ಅವರ ಸ್ಥಾನವೇನು, ಮುಖ್ಯ ಹೊಣೆ ಯಾವ ಡಾಕ್ಟರರದು ಎಂದು ತಿಳಿಯುವ ಹಕ್ಕು ರೋಗಿಗಿದೆಯೆಂದು ಅದರಲ್ಲಿ ಹೇಳಿದೆ. ಆದುದರಿಂದ ಕೇಳಲು ಸಂಕೋಚ ಬೇಡ. ಕೇಳುವಾಗ ಜಗಳದ ದನಿಯೂ ಬೇಡ. ನಾಲ್ಕು ಪ್ರಶ್ನೆಗಳು ಸಾಕು:

1. ಆಪರೇಶನ್ ಮಾಡುವವರು ಯಾರು? ಹೊಣೆ ಹೊತ್ತ ಹಿರಿಯರು ಯಾರು?
2. ಹಿರಿಯರು ಮೇಜಿನ ಬಳಿಯಲ್ಲಿ ಇರುತ್ತಾರೆಯೇ, ಇಲ್ಲವೆ ಕರೆದರೆ ಬರುತ್ತಾರೆಯೇ? ಎಷ್ಟು ಹೊತ್ತಿನಲ್ಲಿ?
3. ಮಾಡುವವರು ಇಂಥ ಆಪರೇಶನ್ನುಗಳನ್ನು ಮೊದಲು ಮಾಡಿದ್ದಾರೆಯೇ?
4. ಒಳಗೆ ಕಷ್ಟವೆನಿಸಿದರೆ ಮುಂದಿನ ಉಪಾಯವೇನು?

ಕಲಿಯುವವರಿಗೆ ಅಂಜಬೇಕಾಗಿಲ್ಲ. ನೋಡುವವರಿಲ್ಲದೆ ಒಂಟಿಯಾಗಿ ಬಿಟ್ಟ ಕಲಿಯುವವರಿಗೆ ಅಂಜಬೇಕು.

10. ಮುಂದೇನಾಯಿತು

ನಮ್ಮ ಸದಸ್ಯರು ಮರುದಿನ ಬೆಳಿಗ್ಗೆ ಎರಡನೆಯ ಪ್ರಶ್ನೆಯನ್ನು ಕೇಳಿದರು. ಹಿರಿಯರು ಮೇಜಿನ ಎದುರು ಬದಿಯಲ್ಲಿಯೇ ನಿಲ್ಲುವರೆಂದು ಉತ್ತರ ಬಂತು. ಗಂಡಹೆಂಡಿರಿಬ್ಬರೂ ಸಹಿ ಮಾಡಿದರು. ಒಂದು ಗಂಟೆಯಲ್ಲಿ ಮುಗಿಯುವುದೆಂದಿದ್ದ ಆಪರೇಶನ್ ಮೂರು ಗಂಟೆ ಹಿಡಿಯಿತು. ತೂತುಗಳ ಬದಲು ಪಕ್ಕೆಲುಬಿನ ಕೆಳಗೆ ಗೇಣುದ್ದದ ಹೊಲಿಗೆ ಇತ್ತು. ಎರಡು ದಿನಕ್ಕೆ ಮನೆಗೆ ಬರಬೇಕಾದವರು ಆರು ದಿನ ಆಸ್ಪತ್ರೆಯಲ್ಲಿ ಉಳಿದರು. ಸದಸ್ಯರು ಸಿಟ್ಟಿನಿಂದ ನನಗೆ ಹೇಳಿದರು: “ನೋಡ್ರಿ ಮಾಸ್ತರ, ಕಲಿಯೋರ ಕೈಗೆ ಕೊಟ್ಟಿದ್ದಕ್ಕ ಹಿಂಗಾತು.”

ಬಿಡುಗಡೆಯ ದಿನ ಹಿರಿಯ ಸರ್ಜನ್ನರು ಅವರನ್ನು ಕೂಡಿಸಿಕೊಂಡು ವಿವರಿಸಿದರಂತೆ. ಪಿತ್ತಕೋಶ ಬಾತು ಸುತ್ತಲಿನ ಭಾಗಗಳಿಗೆ ಅಂಟಿಕೊಂಡಿತ್ತು. ಮುಕ್ಕಾಲು ಗಂಟೆಯ ಮೇಲೆ ಆ ತರುಣಿ ಡಾಕ್ಟರು ಕೈ ನಿಲ್ಲಿಸಿ, ತನಗೆ ನಾಳಗಳು ಬೇರೆಬೇರೆಯಾಗಿ ಕಾಣುತ್ತಿಲ್ಲ, ಮುಂದುವರಿಯಲಾರೆ ಎಂದರು. ಹಿರಿಯರು ಉಪಕರಣ ತೆಗೆದುಕೊಂಡು ನೋಡಿದರು; ಅವರಿಗೂ ಕಾಣಲಿಲ್ಲ. ಆಗಲೇ ಹೊಟ್ಟೆ ತೆರೆಯುವ ನಿರ್ಣಯವಾಯಿತು. ಆ ದಿನದ ಗುರುತಿನಲ್ಲಿ ಆಕೆಗೆ ತಾನು ಒಳ್ಳೆಯ ಅಂಕವನ್ನೇ ಹಾಕಿದ್ದೇನೆಂದು ಹಿರಿಯರು ಹೇಳಿದರಂತೆ.

ನಮ್ಮ ಸದಸ್ಯರು ಇದನ್ನು ನನಗೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಆ ಹುಡುಗಿ ಪಾಸಾದ್ಳು ಅನ್ರಿ” ಅಂದರು. ಅವರ ಪತ್ನಿ ಈಗ ಆರೋಗ್ಯದಿಂದಿದ್ದಾರೆ.

ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಕಸುಬಿನಲ್ಲಿ ಹೊಸಬನು ಸಿದ್ಧನಾದನೆಂದು ಯಾರು, ಹೇಗೆ ತೀರ್ಮಾನಿಸುತ್ತಾರೆ? ಅದು ಗುರುವಿನ ತೃಪ್ತಿಯೋ, ಎಣಿಕೆಯೋ, ಕೈ ನೋಡಿ ಹಾಕಿದ ಅಂಕವೋ?
2. ಆಪರೇಶನ್ನುಗಳ ಸಂಖ್ಯೆ ಹೆಚ್ಚಾದಂತೆ ಅಪಾಯ ಇಳಿಯುತ್ತದೆಂದಮೇಲೆ ಸಂಖ್ಯೆಯೊಂದೇ ಏಕೆ ಸಾಲದು?
3. ನಾಲ್ಕು ಮೆಟ್ಟಿಲುಗಳನ್ನು ನಿಮ್ಮ ಸ್ವಂತ ಕೆಲಸದ ಉದಾಹರಣೆಯಿಂದ ವಿವರಿಸಿರಿ.
4. ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದೂ ಯೋಗ್ಯತೆಯೇ? ನಿಮ್ಮ ಅನುಭವದ ಒಂದು ಪ್ರಸಂಗ ಹೇಳಿರಿ.